ಲಿವರ್ ಮತ್ತೆ ಮೆತ್ತಗಾಗುತ್ತದೆಯೇ?

ಸ್ಕ್ಯಾನ್ ರಿಪೋರ್ಟನ್ನು ಮೇಜಿನ ಮೇಲಿಟ್ಟು ತಂದೆ ಕೇಳುತ್ತಾರೆ: "ಡಾಕ್ಟ್ರೇ, ಲಿವರ್ ಗಟ್ಟಿಯಾಗಿದೆ ಅಂತ ಬರೆದಿದ್ದಾರೆ. ಮತ್ತೆ ಮೆತ್ತಗಾಗುತ್ತಾ?" ಪಕ್ಕದಲ್ಲಿ ಕೂತ ತಾಯಿ ಏನೂ ಮಾತಾಡುವುದಿಲ್ಲ. ಹಿಂದಿನ ರಾತ್ರಿ ಮೊಬೈಲಿನಲ್ಲಿ ಓದಿದ 'ಸಿರೋಸಿಸ್' ಎಂಬ ಪದ ಅವರ ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ. ಮಗು ಮಾತ್ರ ಕುರ್ಚಿಯಿಂದ ಕಾಲು ಇಳಿಬಿಟ್ಟು ಆಡಿಸುತ್ತಾ ಇರುತ್ತದೆ. ಅದಕ್ಕೆ ಎಲ್ಲೂ ನೋವಿಲ್ಲ.

ಮಕ್ಕಳ ಲಿವರ್ ಕಾಯಿಲೆ ನೋಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಪ್ರತಿ ಸಲವೂ ನಿಧಾನವಾಗಿ ಉತ್ತರಿಸಬೇಕಾದ ಪ್ರಶ್ನೆ ಇದು. ಹೌದು ಎಂದು ಬೆನ್ನು ತಟ್ಟಿ ಕಳಿಸಿದರೆ ಅರ್ಧ ಸತ್ಯ ಹೇಳಿದಂತೆ. ಇಲ್ಲ ಎಂದರೆ ಸುಳ್ಳು. ಲಿವರಿನೊಳಗೆ ನಾರು ಹೇಗೆ ಹುಟ್ಟುತ್ತದೆ, ಯಾರು ಅದನ್ನು ಕಟ್ಟುತ್ತಾರೆ, ಯಾರ ಮಾತು ಕೇಳಿ ಕಟ್ಟುತ್ತಾರೆ ಎಂಬುದು ತಿಳಿದರೆ ಉತ್ತರ ತಾನಾಗಿ ಸ್ಪಷ್ಟವಾಗುತ್ತದೆ. ಮನೆಯಲ್ಲಿ ಏನು ಮಾಡಬೇಕು, ಯಾವುದಕ್ಕೆ ದುಡ್ಡು ಸುರಿಯಬಾರದು ಎಂಬುದೂ ತಿಳಿಯುತ್ತದೆ.

ನಾರು ಎಂದರೆ ಏನು?

ಮೊಣಕಾಲು ತರಚಿದಾಗ ಗಾಯ ಒಣಗಿ ಕಲೆ ಉಳಿಯುವುದನ್ನು ನೋಡಿದ್ದೀರಿ. ಆ ಕಲೆಯ ಮುಖ್ಯ ಸಾಮಗ್ರಿ ಕೊಲಾಜೆನ್ ಎಂಬ ಪ್ರೋಟೀನು. ಚರ್ಮ, ಮೂಳೆ, ಸ್ನಾಯುರಜ್ಜು, ಎಲ್ಲಕ್ಕೂ ಬಿಗಿ ಕೊಡುವುದು ಅದೇ. ನಮ್ಮ ಮೈಯಲ್ಲಿ ಇದಕ್ಕಿಂತ ಹೆಚ್ಚಾಗಿರುವ ಪ್ರೋಟೀನು ಇನ್ನೊಂದಿಲ್ಲ. ತೆಂಗಿನ ನಾರನ್ನು ಎಳೆ ಎಳೆಯಾಗಿ ಹೊಸೆದು ಹಗ್ಗ ಮಾಡುವುದನ್ನು ಕಂಡವರಿಗೆ ಕೊಲಾಜೆನ್ ಅರ್ಥವಾಗುವುದು ಸುಲಭ. ಒಂದೊಂದರಲ್ಲೂ ಸುಮಾರು ಸಾವಿರ ಅಮೈನೋ ಆಮ್ಲಗಳಿರುವ ಮೂರು ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಒಂದು ಹುರಿಯಾಗುತ್ತವೆ. ಅಂಥ ಹುರಿಗಳು ಸಾಲುಸಾಲಾಗಿ ಸೇರಿ ಹಗ್ಗವಾಗುತ್ತವೆ.

ಆರೋಗ್ಯವಂತ ಲಿವರಿನಲ್ಲೂ ಕೊಲಾಜೆನ್ ಇರುತ್ತದೆ, ಆದರೆ ಬಹಳ ಕಡಿಮೆ. ಲಿವರಿನ ಕೋಶಗಳಿಗೂ ಅವುಗಳ ಪಕ್ಕ ಹರಿಯುವ ರಕ್ತಕ್ಕೂ ನಡುವೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಒಂದು ಸಂದು ಇದೆ. ಅಲ್ಲಿ ಜಾಲರಿಯಂಥ ತೆಳುವಾದ ಹಾಸು ಮಾತ್ರ ಇರುವುದರಿಂದ ರಕ್ತದಲ್ಲಿ ಬಂದದ್ದು ಕೋಶಕ್ಕೆ, ಕೋಶ ತಯಾರಿಸಿದ್ದು ರಕ್ತಕ್ಕೆ ಸಲೀಸಾಗಿ ದಾಟುತ್ತದೆ. ಫೈಬ್ರೋಸಿಸ್ ಎಂದರೆ ಈ ಸಂದಿನಲ್ಲಿ ತೆಳು ಜಾಲರಿಯ ಜಾಗಕ್ಕೆ ದಪ್ಪ ಹಗ್ಗಗಳು ಬಂದು ತುಂಬಿಕೊಳ್ಳುವುದು. ಆಗ ಕೊಡುಕೊಳ್ಳುವ ದಾರಿ ಇಕ್ಕಟ್ಟಾಗುತ್ತದೆ. ಅದು ಮುಂದುವರಿದು ಲಿವರ್ ಗಂಟುಗಂಟಾಗಿ ಹಂಚಿಹೋದರೆ ಅದನ್ನು ಸಿರೋಸಿಸ್ ಎನ್ನುತ್ತೇವೆ. ಆ ಹಂತದಲ್ಲಿ ಲಿವರಿನ ನಾರು ಸಹಜಕ್ಕಿಂತ ಆರು ಪಟ್ಟಿನವರೆಗೂ ಹೆಚ್ಚಿರಬಹುದು.

ಫೈಬ್ರೋಸಿಸ್ ಮತ್ತು ಸಿರೋಸಿಸ್ ಒಂದೇ ಅಲ್ಲ. ಫೈಬ್ರೋಸಿಸ್ ಒಂದು ದಾರಿ, ಸಿರೋಸಿಸ್ ಆ ದಾರಿಯ ಕೊನೆಯ ಊರು. ರಿಪೋರ್ಟಿನಲ್ಲಿ ಫೈಬ್ರೋಸಿಸ್ ಎಂದು ಕಂಡ ಹೆಚ್ಚಿನ ಮಕ್ಕಳು ಇನ್ನೂ ದಾರಿಯ ನಡುವೆ ಇರುತ್ತಾರೆ.

ನಕ್ಷತ್ರದ ಆಕಾರದ ಕೋಶ

ಹಾಗಾದರೆ ಹಗ್ಗ ಹೊಸೆಯುವವರು ಯಾರು? 1876ರಲ್ಲಿ ಜರ್ಮನ್ ಅಂಗರಚನಾ ತಜ್ಞ ಕಾರ್ಲ್ ಫಾನ್ ಕುಪ್ಫರ್ ಚಿನ್ನದ ಲವಣದ ಬಣ್ಣ ಹಾಕಿ ಲಿವರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ನಕ್ಷತ್ರದಂತೆ ಕೈಚಾಚಿದ ಕೆಲವು ಕೋಶಗಳನ್ನು ಕಂಡರು. 1951ರಲ್ಲಿ ಜಪಾನಿನ ತೋಷಿಯೋ ಇತೋ ಒಳಗೆ ಕೊಬ್ಬಿನ ಹನಿಗಳಿರುವ ಕೋಶಗಳನ್ನು ವಿವರಿಸಿದರು. ಕುಪ್ಫರ್ ಕಂಡ ನಕ್ಷತ್ರ ಕೋಶವೂ ಇತೋ ಕಂಡ ಕೊಬ್ಬಿನ ಕೋಶವೂ ಒಂದೇ ಎಂದು, ಆ ಹನಿಗಳಲ್ಲಿ ಕೂತಿರುವುದು ವಿಟಮಿನ್ ಎ ಎಂದು 1971ರಲ್ಲಿ ಕೆಂಜಿರೋ ವಾಕೆ ತೋರಿಸಿದರು. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಕಾಟ್ ಫ್ರೀಡ್‌ಮನ್ ಮತ್ತು ಜೊತೆಗಾರರು ಇಲಿಯ ಲಿವರಿನಿಂದ ಈ ಕೋಶಗಳನ್ನು ಬೇರ್ಪಡಿಸಿ, ಕೊಲಾಜೆನ್ ತಯಾರಿಯಲ್ಲಿ ಮುಖ್ಯ ಕೈ ಇವುಗಳದ್ದೇ ಎಂದು ಸಾಧಿಸಿದರು. ಒಂದು ಕೋಶದ ನಿಜವಾದ ಕೆಲಸ ತಿಳಿಯಲು ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಇವುಗಳಿಗೆ ಸ್ಟೆಲೇಟ್ ಕೋಶ ಎಂದು ಹೆಸರು. ನಾವು ನಕ್ಷತ್ರ ಕೋಶ ಎನ್ನೋಣ. ಲಿವರಿನ ನೂರು ಕೋಶಗಳಲ್ಲಿ ಇವು ಐದರಿಂದ ಎಂಟಷ್ಟೇ. ಮಗು ಆರೋಗ್ಯವಾಗಿರುವಾಗ ಆ ಕಿರಿದಾದ ಸಂದಿನಲ್ಲಿ ಸುಮ್ಮನೆ ಕೂತು ವಿಟಮಿನ್ ಎ ಕಾಪಿಡುವುದೇ ಇವುಗಳ ಕೆಲಸ. ದೇಹದ ವಿಟಮಿನ್ ಎ ದಾಸ್ತಾನಿನ ಬಹುಪಾಲು ಇಲ್ಲೇ ಇರುತ್ತದೆ.

ಲಿವರಿಗೆ ಪೆಟ್ಟು ಬಿದ್ದಾಗ ಇವೇ ಕೋಶಗಳ ವೇಷ ಬದಲಾಗುತ್ತದೆ. ವಿಟಮಿನ್ ಎ ಹನಿಗಳನ್ನು ಬಿಟ್ಟುಕೊಟ್ಟು, ಸ್ನಾಯುವಿನಂತೆ ಕುಗ್ಗುವ ಶಕ್ತಿ ಪಡೆದು, ಸಂಖ್ಯೆಯಲ್ಲಿ ಹೆಚ್ಚಿ, ಗಾಯದ ಕಡೆಗೆ ಸರಿದು ಕೊಲಾಜೆನ್ ಹೊಸೆಯತೊಡಗುತ್ತವೆ. ಇದನ್ನು ಶತ್ರುವಿನ ಕೆಲಸವೆಂದು ತಿಳಿಯಬೇಡಿ. ಗಾಯವಾದ ಜಾಗ ಕುಸಿಯದಂತೆ ಕಟ್ಟಿ ಹಿಡಿಯುವುದು ಅವುಗಳ ಧರ್ಮ. ಪೆಟ್ಟು ಒಂದೇ ಸಲ ಬಿದ್ದು ನಿಂತರೆ ಕಟ್ಟಿದ್ದು ಬಿಚ್ಚಿಹೋಗುತ್ತದೆ, ಲಿವರ್ ಮೊದಲಿನಂತಾಗುತ್ತದೆ. ನೀರಿನಿಂದ ಹರಡುವ ಹೆಪಟೈಟಿಸ್ ಎ ಕಾಮಾಲೆ ಬಂದು ಹೋದ ಮಕ್ಕಳಲ್ಲಿ ಆಗುವುದು ಸಾಮಾನ್ಯವಾಗಿ ಇದೇ. ತೊಂದರೆ ಶುರುವಾಗುವುದು ಪೆಟ್ಟು ದಿನವೂ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೀಳುತ್ತಾ ಹೋದಾಗ.

ಅಪ್ಪಣೆ ಎಲ್ಲಿಂದ ಬರುತ್ತದೆ?

ನಕ್ಷತ್ರ ಕೋಶ ತನ್ನಷ್ಟಕ್ಕೆ ಕೆಲಸ ಶುರುಮಾಡುವುದಿಲ್ಲ, ನೆರೆಹೊರೆಯ ಮಾತು ಕೇಳುತ್ತದೆ. ಕೊಬ್ಬು, ವೈರಸ್, ತಾಮ್ರ, ಹೊರಹೋಗದ ಪಿತ್ತ, ಕಾರಣ ಯಾವುದೇ ಇರಲಿ, ಜಖಂಗೊಂಡ ಲಿವರ್ ಕೋಶಗಳಿಂದ ಅಪಾಯದ ಸೂಚನೆಗಳು ಹೊರಬರುತ್ತವೆ. ಕಾವಲುಗಾರರಂತಿರುವ ಬಿಳಿ ರಕ್ತಕಣಗಳು ಅದನ್ನು ಗ್ರಹಿಸಿ ಹಲವು ರಾಸಾಯನಿಕ ಸಂದೇಶಗಳನ್ನು ಬಿಡುತ್ತವೆ. ಅವುಗಳಲ್ಲಿ ಎರಡು ಮುಖ್ಯ. ಪಿಡಿಜಿಎಫ್ ಎಂಬುದು ನಕ್ಷತ್ರ ಕೋಶಗಳ ಸಂಖ್ಯೆ ಹೆಚ್ಚಿಸುತ್ತದೆ. ಟಿಜಿಎಫ್-ಬೀಟಾ ಎಂಬುದು "ಹಗ್ಗ ಹೊಸೆ" ಎಂದು ಅಪ್ಪಣೆ ಕೊಡುತ್ತದೆ.

ಟಿಜಿಎಫ್-ಬೀಟಾ ಕೋಶದ ಹೊರಗೆ ಬೀಗ ಹಾಕಿದ ಸ್ಥಿತಿಯಲ್ಲಿ ಕಾದಿರುತ್ತದೆ. ಗಾಯವಾದಾಗ ಬೀಗ ತೆರೆದು ನಕ್ಷತ್ರ ಕೋಶದ ಮೈಮೇಲಿನ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಸ್ಮ್ಯಾಡ್ ಎಂಬ ಪ್ರೋಟೀನುಗಳು ಸುದ್ದಿ ಹೊತ್ತು ಕೋಶಕೇಂದ್ರಕ್ಕೆ ಹೋಗಿ ಕೊಲಾಜೆನ್ ಜೀನುಗಳನ್ನು ಎಬ್ಬಿಸುತ್ತವೆ. ಇದೇ ಕುಟುಂಬದ ಸ್ಮ್ಯಾಡ್-7 ಮಾತ್ರ ಸುದ್ದಿ ಒಳಗೆ ಹೋಗದಂತೆ ತಡೆಯುವ ಬ್ರೇಕು. ಅಂದರೆ ಕಟ್ಟು ಎನ್ನುವ ಮಾತೂ ಸಾಕು ಎನ್ನುವ ಮಾತೂ ಒಂದೇ ಕೋಶದೊಳಗೆ ಇವೆ. ದೀರ್ಘಕಾಲದ ಕಾಯಿಲೆಯಲ್ಲಿ ಮೊದಲಿನದು ಜೋರಾಗಿ, ಎರಡನೆಯದು ಕ್ಷೀಣವಾಗಿ ಕೇಳಿಸುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ನಕ್ಷತ್ರ ಕೋಶಕ್ಕೆ ಸ್ಪರ್ಶಜ್ಞಾನವಿದೆ. ಪ್ರಯೋಗಾಲಯದಲ್ಲಿ ಇವುಗಳನ್ನು ಗಟ್ಟಿ ಪ್ಲಾಸ್ಟಿಕ್ ತಟ್ಟೆಯ ಮೇಲೆ ಬೆಳೆಸಿದರೆ ಬೇರೇನೂ ಸೇರಿಸದಿದ್ದರೂ ಕೆಲವೇ ದಿನಗಳಲ್ಲಿ ಕೊಲಾಜೆನ್ ಹೊಸೆಯಲು ತೊಡಗುತ್ತವೆ. ಲಿವರಿನಷ್ಟೇ ಮೆತ್ತಗಿರುವ ಹಾಸಿನ ಮೇಲಿಟ್ಟರೆ ಬಹಳಮಟ್ಟಿಗೆ ಶಾಂತವಾಗಿರುತ್ತವೆ. ಅಂದರೆ ಸುತ್ತಲ ನೆಲ ಗಟ್ಟಿಯಾದಷ್ಟೂ ಅವುಗಳ ಕೆಲಸದ ಉರವಣಿ ಹೆಚ್ಚುತ್ತದೆ, ಕೆಲಸ ಹೆಚ್ಚಿದಷ್ಟೂ ನೆಲ ಇನ್ನಷ್ಟು ಗಟ್ಟಿಯಾಗುತ್ತದೆ. ಈ ಸುತ್ತನ್ನು ಬೇಗ ಮುರಿದಷ್ಟೂ ಒಳ್ಳೆಯದು. "ಮೊದಲನೇ ಹಂತ ತಾನೇ, ಪರೀಕ್ಷೆ ಮುಗಿಯಲಿ, ರಜೆಯಲ್ಲಿ ಬರುತ್ತೇವೆ" ಎನ್ನುವ ಪೋಷಕರಿಗೆ ನಾನು ಹೇಳುವುದು ಇದನ್ನೇ.

ಚೀಟಿಯ ಆಯುಸ್ಸು

ಜೀನು ಎದ್ದ ಮಾತ್ರಕ್ಕೆ ಹಗ್ಗ ತಯಾರಾಗುವುದಿಲ್ಲ. ಜೀನಿನಿಂದ ಎಂಆರ್‌ಎನ್‌ಎ ಎಂಬ ಚೀಟಿ ಬರೆದು ಹೊರಗೆ ಕಳಿಸಬೇಕು, ಆ ಚೀಟಿ ಇರುವಷ್ಟು ಹೊತ್ತು ಅದನ್ನು ಓದಿ ಪ್ರೋಟೀನು ಕಟ್ಟಬೇಕು. ಇಲಿಯ ನಕ್ಷತ್ರ ಕೋಶಗಳಲ್ಲಿ ವಿಜ್ಞಾನಿಗಳು ಅಳೆದು ನೋಡಿದರು. ಕೋಶ ಶಾಂತವಾಗಿದ್ದಾಗ ಕೊಲಾಜೆನ್ ಚೀಟಿಗಳಲ್ಲಿ ಅರ್ಧದಷ್ಟು ಒಂದೂವರೆ ಗಂಟೆಯೊಳಗೆ ನಾಶವಾಗುತ್ತವೆ. ಕೋಶ ಎದ್ದು ಕೂತಾಗ ಅಷ್ಟೇ ನಾಶವಾಗಲು ಸುಮಾರು 24 ಗಂಟೆ ಹಿಡಿಯುತ್ತದೆ. ಆಯುಸ್ಸು ಹದಿನಾರು ಪಟ್ಟು! ಹೊಸ ಚೀಟಿ ಬರೆಯುವುದಕ್ಕಿಂತ ಹಳೆಯ ಚೀಟಿ ಹರಿದುಹೋಗದಂತೆ ಕಾಯುವುದೇ ಕೊಲಾಜೆನ್ ಹೆಚ್ಚಲು ದೊಡ್ಡ ಕಾರಣ. ಚೀಟಿಯ ತುದಿಯ ಒಂದು ಮಡಿಕೆಯನ್ನು ಹಿಡಿದು ಎಳೆಗಳ ತಯಾರಿಯನ್ನು ಹೊಂದಿಸುವ ಲಾರ್ಪ್-6 ಎಂಬ ಪ್ರೋಟೀನನ್ನೂ ಗುರುತಿಸಲಾಗಿದೆ.

ಈ ವಿವರ ಪೋಷಕರಿಗೆ ಯಾಕೆ ಬೇಕು? ಕಾರಣ ತೆಗೆದ ಮರುದಿನವೇ ಕೊಲಾಜೆನ್ ತಯಾರಿ ನಿಲ್ಲುವುದಿಲ್ಲ. ಅಪ್ಪಣೆ ನಿಂತ ಮೇಲೂ ಕೈಯಲ್ಲಿರುವ ಚೀಟಿಗಳು ಮುಗಿಯಬೇಕು, ಕೋಶಗಳು ತಣ್ಣಗಾಗಬೇಕು, ಕಟ್ಟಿದ್ದು ಕರಗಬೇಕು. ಮೂರು ತಿಂಗಳಿಗೇ ಸ್ಕ್ಯಾನ್ ಬದಲಾಗಲಿಲ್ಲ ಎಂದು ಎದೆಗುಂದುವ ಅಗತ್ಯವಿಲ್ಲ.

ಹೊಸೆಯುವ ಕೈ, ಕತ್ತರಿಸುವ ಕೈ

ಎಳೆಗಳು ಕೋಶದೊಳಗೆ ಹುರಿಗೊಳ್ಳುವಾಗ ಅವುಗಳಿಗೆ ಬಿಗಿ ಕೊಡಲು ವಿಟಮಿನ್ ಸಿ ಬೇಕು. ಅದಿಲ್ಲದೆ ಹುರಿ ಸಡಿಲವಾಗುವುದರಿಂದಲೇ ಸ್ಕರ್ವಿ ಕಾಯಿಲೆಯಲ್ಲಿ ಒಸಡು ಒಡೆಯುತ್ತದೆ. ಹುರಿ ಹೊರಬಂದ ಮೇಲೆ ತುದಿಗಳು ಕತ್ತರಿಸಿಹೋಗಿ, ಸಾಲಾಗಿ ಸೇರಿ, ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವದಿಂದ ಒಂದಕ್ಕೊಂದು ಗಂಟು ಬೀಳುತ್ತವೆ. ಹಳೆಯ ಹಗ್ಗದಲ್ಲಿ ಗಂಟು ಹೆಚ್ಚು, ಹೊಸದರಲ್ಲಿ ಕಡಿಮೆ. ಹಳೆಯ ಕಲೆ ನಿಧಾನವಾಗಿ ಕರಗುವುದಕ್ಕೆ, ಕೆಲವೊಮ್ಮೆ ಪೂರ್ತಿ ಕರಗದೇ ಇರುವುದಕ್ಕೆ ಇದೂ ಒಂದು ಕಾರಣ.

ಇನ್ನು ಕತ್ತರಿಸುವ ಕೈಗಳು. ಎಂಎಂಪಿ ಎಂಬ ಕಿಣ್ವಗಳ ಗುಂಪೊಂದಿದೆ. ಅವುಗಳಲ್ಲಿ ಕೆಲವು ಕೊಲಾಜೆನ್ ಹಗ್ಗವನ್ನು ಕುಡುಗೋಲಿನಂತೆ ಕೊಯ್ಯಬಲ್ಲವು. ಕಾಯಿಲೆಯಿರುವ ಲಿವರಿನಲ್ಲೂ ಈ ಕುಡುಗೋಲುಗಳಿರುತ್ತವೆ. ಆದರೆ ಎದ್ದು ಕೂತ ನಕ್ಷತ್ರ ಕೋಶ ಟಿಂಪ್-1 ಎಂಬ ಪ್ರೋಟೀನನ್ನು ಧಾರಾಳವಾಗಿ ಬಿಟ್ಟು ಅವುಗಳಿಗೆ ಒರೆ ತೊಡಿಸಿಬಿಡುತ್ತದೆ. ಅದೇ ಟಿಂಪ್-1 ನಕ್ಷತ್ರ ಕೋಶಗಳು ಸಾಯದಂತೆಯೂ ಕಾಪಾಡುತ್ತದೆ. ಫೈಬ್ರೋಸಿಸ್ ಎಂದರೆ ಹೊಸೆಯುವುದು ಹೆಚ್ಚಾದದ್ದಷ್ಟೇ ಅಲ್ಲ, ಕೊಯ್ಯುವುದು ನಿಂತದ್ದೂ ಹೌದು.

ಪೆಟ್ಟು ನಿಂತಾಗ ಏನಾಗುತ್ತದೆ? ಟಿಂಪ್ ಇಳಿಯುತ್ತದೆ, ಕುಡುಗೋಲು ಒರೆಯಿಂದ ಹೊರಬರುತ್ತದೆ. ಮೊದಲು ಗಾಯದ ಸುದ್ದಿ ಹಬ್ಬಿಸಿದ ಬಿಳಿ ರಕ್ತಕಣಗಳೇ ಗುಣ ಬದಲಿಸಿಕೊಂಡು ನಾರು ಕರಗಿಸಲು ಕೈಜೋಡಿಸುತ್ತವೆ. ನಕ್ಷತ್ರ ಕೋಶಗಳಲ್ಲಿ ಹಲವು ತಮ್ಮಷ್ಟಕ್ಕೆ ಸಾಯುತ್ತವೆ. ಉಳಿದವು ಮತ್ತೆ ಶಾಂತವಾಗುತ್ತವೆ. 2012ರಲ್ಲಿ ಇಲಿಗಳಲ್ಲಿ ನಡೆದ ಅಧ್ಯಯನ ಸುಮಾರು ಅರ್ಧದಷ್ಟು ಕೋಶಗಳು ಹೀಗೆ ಶಾಂತಸ್ಥಿತಿಗೆ ಹಿಂತಿರುಗುವುದನ್ನು ತೋರಿಸಿತು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಹಿಂತಿರುಗಿದ ಕೋಶ ಮೊದಲಿನ ಮುಗ್ಧ ಕೋಶದಂತಿರುವುದಿಲ್ಲ. ಮತ್ತೆ ಪೆಟ್ಟು ಬಿದ್ದರೆ ಮೊದಲ ಸಲಕ್ಕಿಂತ ಬೇಗ ಎದ್ದು ಹಗ್ಗ ಹೊಸೆಯುತ್ತದೆ.

ಹಿತ್ತಾಳೆ ಪಾತ್ರೆಯ ಪಾಠ

ಕಾರಣ ಹುಡುಕಿ ತೆಗೆಯುವುದು ಎಷ್ಟು ದೊಡ್ಡ ಔಷಧಿ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. ಒಂದು ಕಾಲದಲ್ಲಿ ಭಾರತದ ಅನೇಕ ಕಡೆ ವರ್ಷ ತುಂಬುವ ಆಚೀಚಿನ ಮಕ್ಕಳಿಗೆ ಹೊಟ್ಟೆ ಉಬ್ಬಿ, ಲಿವರ್ ಕಲ್ಲಿನಂತಾಗಿ, ಹೆಚ್ಚಿನವರು ತಿಂಗಳುಗಳಲ್ಲೇ ತೀರಿಕೊಳ್ಳುತ್ತಿದ್ದರು. ಭಾರತೀಯ ಬಾಲ್ಯ ಸಿರೋಸಿಸ್ ಎಂದೇ ಅದನ್ನು ಕರೆಯುತ್ತಿದ್ದರು. ಆ ಮಕ್ಕಳ ಲಿವರಿನಲ್ಲಿ ತಾಮ್ರ ವಿಪರೀತವಾಗಿತ್ತು. 1980ರ ದಶಕದಲ್ಲಿ ಪುಣೆಯಲ್ಲಿ ಶೀಲಾ ಭಾವೆ, ಆನಂದ್ ಪಂಡಿತ್ ಮತ್ತು ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್ ಮನೆಮನೆಯ ಅಡುಗೆಯನ್ನು ವಿಚಾರಿಸಿ, ಎಳೆಗೂಸಿಗೆ ಕೊಡುವ ಹಸುವಿನ ಎಮ್ಮೆಯ ಹಾಲನ್ನು ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಡುವುದಕ್ಕೂ ಈ ಕಾಯಿಲೆಗೂ ನಂಟಿದೆ ಎಂದು ತೋರಿಸಿದರು. ಕಲಾಯಿ ಇಲ್ಲದ ಪಾತ್ರೆಯಿಂದ ತಾಮ್ರ ಹಾಲಿಗಿಳಿದು, ಹಾಲಿನಿಂದ ಮಗುವಿನ ಲಿವರಿಗಿಳಿಯುತ್ತಿತ್ತು. ನಮ್ಮ ಅಜ್ಜಿಯರು ಕಲಾಯಿಯವನು ಬೀದಿಗೆ ಬಂದಾಗಲೆಲ್ಲ ಪಾತ್ರೆ ಹೊರಗಿಡುತ್ತಿದ್ದುದರ ಹಿಂದೆ ಎಂಥ ವಿವೇಕವಿತ್ತು ಎಂದು ಈಗ ಅನ್ನಿಸುತ್ತದೆ.

ಸ್ಟೀಲ್ ಪಾತ್ರೆ ಬಂತು, ತಿಳುವಳಿಕೆ ಹರಡಿತು, ಕಾಯಿಲೆ ಅಪರೂಪವಾಯಿತು. ಆದರೆ ಈ ಕಥೆಯಲ್ಲಿ ನನಗೆ ಮುಖ್ಯವಾದ ಭಾಗ ಮುಂದಿನದು. ತಾಮ್ರವನ್ನು ಮೈಯಿಂದ ಹೊರಹಾಕುವ ಪೆನಿಸಿಲಮೈನ್ ಔಷಧಿಯನ್ನು ಸಕಾಲದಲ್ಲಿ ಪಡೆದ ಕೆಲವು ಮಕ್ಕಳು ಬದುಕಿದರು. ವರ್ಷಗಳ ನಂತರ ಅವರ ಲಿವರಿನ ಚೂರು ತೆಗೆದು ನೋಡಿದಾಗ ಕೆಲವರಲ್ಲಿ ಅದು ಹೆಚ್ಚುಕಡಿಮೆ ಸಹಜವಾಗಿಯೇ ಇತ್ತು. ಮಾರಕವೆಂದು ಕೈಚೆಲ್ಲಿದ್ದ ನಾರು ಕರಗಿತ್ತು.

ದೊಡ್ಡವರಲ್ಲೂ ಇದಕ್ಕೆ ಸಾಕ್ಷಿಯಿದೆ. ಹೆಪಟೈಟಿಸ್ ಬಿ ಇದ್ದವರಿಗೆ ಟೆನೊಫೊವಿರ್ ಮಾತ್ರೆ ಐದು ವರ್ಷ ಕೊಟ್ಟು, ಮೊದಲೂ ಕೊನೆಗೂ ಬಯಾಪ್ಸಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಶುರುವಿನಲ್ಲಿ ಸಿರೋಸಿಸ್ ಇದ್ದ 96 ಜನರಲ್ಲಿ 71 ಮಂದಿಗೆ ಐದು ವರ್ಷದ ಹೊತ್ತಿಗೆ ಸಿರೋಸಿಸ್ ಇರಲಿಲ್ಲ. ಅವರು ನುಂಗಿದ ಮಾತ್ರೆ ನಾರು ಕರಗಿಸುವುದಲ್ಲ, ವೈರಸ್ಸನ್ನು ಅಡಗಿಸುವುದು. ನಾರನ್ನು ಕರಗಿಸಿದ್ದು ಲಿವರೇ.

ನಿಮ್ಮ ಮಗುವಿನಲ್ಲಿ ಕಾರಣ ಯಾವುದು?

ಆದ್ದರಿಂದ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಹಂತ?" ಎಂಬುದಕ್ಕಿಂತ "ಯಾವ ಕಾರಣ?" ಎಂಬುದು.

ಇಂದು ಶಾಲೆಗೆ ಹೋಗುವ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಫ್ಯಾಟಿ ಲಿವರ್. ತೂಕ ಹೆಚ್ಚಿರುವ ಮಗುವಿನ ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ ಅದನ್ನು ಕೊಳೆ ಎಂದು ಉಜ್ಜಬೇಡಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಅದು.

ಹುಟ್ಟಿದ ಮಗುವಿನಲ್ಲಿ ಬಹಳ ತುರ್ತಾದದ್ದು ಪಿತ್ತನಾಳ ಮುಚ್ಚಿಹೋಗುವ ಬಿಲಿಯರಿ ಅಟ್ರೇಸಿಯಾ. ಇಲ್ಲಿ ನಾರು ವಾರವಾರಕ್ಕೆ ಬೆಳೆಯುತ್ತದೆ. ಜಪಾನಿನ ಮೋರಿಯೋ ಕಸಾಯ್ 1950ರ ದಶಕದಲ್ಲಿ ರೂಪಿಸಿದ ಶಸ್ತ್ರಚಿಕಿತ್ಸೆಯನ್ನು ಮಗುವಿಗೆ 60 ದಿನ ತುಂಬುವ ಮೊದಲು ಮಾಡಿದರೆ ಫಲ ಹೆಚ್ಚು. ಅದರ ನಂತರವೂ ಹಲವು ಮಕ್ಕಳಲ್ಲಿ ನಾರು ಮುಂದುವರಿದು ಮುಂದೊಂದು ದಿನ ಲಿವರ್ ಕಸಿ ಬೇಕಾಗಬಹುದು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹಾಗಿದ್ದೂ ಸಕಾಲದಲ್ಲಿ ಮಾಡಿದ ಶಸ್ತ್ರಚಿಕಿತ್ಸೆ ಮಗು ಬೆಳೆಯಲು ಅಮೂಲ್ಯ ಸಮಯ ಕೊಡುತ್ತದೆ.

ಸ್ವಲ್ಪ ದೊಡ್ಡ ಮಕ್ಕಳಲ್ಲಿ ವಿಲ್ಸನ್ ಕಾಯಿಲೆ ಮರೆಯಬಾರದು. ಜೀನಿನ ದೋಷದಿಂದ ತಾಮ್ರ ಲಿವರಿನಲ್ಲೂ ಮಿದುಳಿನಲ್ಲೂ ಶೇಖರವಾಗುವ ಕಾಯಿಲೆ ಇದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ಕಂಡ 282 ರೋಗಿಗಳ ಅನುಭವವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಅದರಿಂದಲೇ ನಮ್ಮ ಭಾಗದಲ್ಲಿ ಇದು ತೀರಾ ಅಪರಿಚಿತವಲ್ಲ ಎಂಬುದು ತಿಳಿಯುತ್ತದೆ. ಒಂದು ಮಗುವಿಗಿದ್ದರೆ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲೊಂದು ಪಾಲು ಸಾಧ್ಯತೆಯಿರುವುದರಿಂದ ಎಲ್ಲರಿಗೂ ಪರೀಕ್ಷೆ ಬೇಕು. ಜೀವನಪೂರ್ತಿ ಔಷಧಿ ತಪ್ಪದೆ ತೆಗೆದುಕೊಂಡವರು ಚೆನ್ನಾಗಿ ಬಾಳುತ್ತಾರೆ.

ಹೆಪಟೈಟಿಸ್ ಬಿ ತಡೆಯಲು ಹುಟ್ಟಿದ 24 ಗಂಟೆಯೊಳಗಿನ ಲಸಿಕೆ, ಆಮೇಲೆ 6, 10, 14ನೇ ವಾರದ ಲಸಿಕೆಗಳು ಸರ್ಕಾರದಿಂದ ಉಚಿತವಾಗಿ ಸಿಗುತ್ತವೆ. ಮೈಯ ರೋಗನಿರೋಧಕ ಶಕ್ತಿಯೇ ಲಿವರಿನ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಹೆಪಟೈಟಿಸ್‌ಗೂ ಔಷಧಿಯಿದೆ. ಗುಣ ಕಂಡಿತು ಎಂದು ನಡುವೆ ನಿಲ್ಲಿಸಿದರೆ ಅದು ಮರುಕಳಿಸುತ್ತದೆ.

ರಿಪೋರ್ಟ್ ಓದುವ ಬಗೆ

ಎಸ್‌ಜಿಪಿಟಿ ಎಂಬ ಸಂಖ್ಯೆ ಲಿವರ್ ಕೋಶಗಳಿಗೆ ಆಗುತ್ತಿರುವ ಪೆಟ್ಟನ್ನು ಹೇಳುತ್ತದೆ. ನಾರು ಎಷ್ಟಿದೆ ಎಂದು ಹೇಳುವುದಿಲ್ಲ. ಹೆಚ್ಚಿನ ಲ್ಯಾಬುಗಳು 40ರ ಆಸುಪಾಸಿನವರೆಗೆ ಸಹಜ ಎಂದು ಮುದ್ರಿಸುತ್ತವೆ. ಅದು ದೊಡ್ಡವರ ಲೆಕ್ಕ. ಮಕ್ಕಳಲ್ಲಿ ಹುಡುಗರಿಗೆ 26, ಹುಡುಗಿಯರಿಗೆ 22 ಮೇಲ್ಮಿತಿ ಎಂಬುದು ಮಕ್ಕಳ ಲಿವರ್ ತಜ್ಞರು ಇಟ್ಟುಕೊಂಡಿರುವ ಅಳತೆ. ಹಾಗಾಗಿ "ನಾರ್ಮಲ್ ಬಂದಿದೆ" ಎಂದು ರಿಪೋರ್ಟ್ ಮಡಿಸಿಡುವ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಒಂದು ಸಲ ಸಂಖ್ಯೆ ಏರಿದ್ದಕ್ಕೆ ಗಾಬರಿಯಾಗುವುದೂ ಬೇಡ. ಸಾಮಾನ್ಯ ಜ್ವರದಲ್ಲೂ ಅದು ಏರಬಹುದು.

ಫೈಬ್ರೋಸ್ಕ್ಯಾನ್ ಲಿವರಿನ ಬಿಗಿಯನ್ನು ಕಿಲೋಪಾಸ್ಕಲ್ ಲೆಕ್ಕದಲ್ಲಿ ಅಳೆಯುತ್ತದೆ. ಪಕ್ಕೆಲುಬಿನ ನಡುವೆ ಮೆಲ್ಲನೆ ತಟ್ಟಿದಂತಾಗುತ್ತದೆ, ನೋವಿಲ್ಲ. ಆರೋಗ್ಯವಂತ ಮಗುವಿನಲ್ಲಿ ಸಾಮಾನ್ಯವಾಗಿ 4-5ರ ಆಸುಪಾಸು ಬರುತ್ತದೆ. ಊಟ ಮಾಡಿದ ಕೂಡಲೇ ಅಳೆದರೆ ಹೆಚ್ಚು ತೋರಿಸುವುದರಿಂದ ಕನಿಷ್ಠ ಮೂರು ಗಂಟೆ ಖಾಲಿ ಹೊಟ್ಟೆ ಬೇಕು. ಉರಿಯೂತ ಇದ್ದಾಗಲೂ ಬಿಗಿ ಹೆಚ್ಚು ಕಾಣುತ್ತದೆ. ಆ ಸಂಖ್ಯೆಯನ್ನು ಒಬ್ಬಂಟಿಯಾಗಿ ನೋಡದೆ, ಆರು ತಿಂಗಳು ವರ್ಷದ ಅಂತರದಲ್ಲಿ ಯಾವ ಕಡೆ ಸಾಗಿದೆ ಎಂದು ನೋಡುವುದು ಸರಿಯಾದ ಕ್ರಮ.

ಬಯಾಪ್ಸಿ ಎಂದಾಗ ತಾಯಂದಿರು ಹೆದರುತ್ತಾರೆ. ಸೂಜಿಯಲ್ಲಿ ತೆಗೆಯುವ ಚೂರು ಇಡೀ ಲಿವರಿನ ಐವತ್ತು ಸಾವಿರದಲ್ಲಿ ಒಂದು ಪಾಲು. ಕಾರಣ ಬೇರೆ ರೀತಿಯಲ್ಲಿ ತಿಳಿಯದಿದ್ದಾಗ ಆ ಚೂರಿನ ಮಾತು ಬಹಳ ಬೆಲೆಯುಳ್ಳದ್ದು.

ಮನೆಯಲ್ಲಿ ಮಾಡಬೇಕಾದ್ದು

ಫ್ಯಾಟಿ ಲಿವರ್ ಇರುವ ಮಗುವಿಗೆ ಮೊದಲ ಔಷಧಿ ಸಕ್ಕರೆ ಬಿಡಿಸುವುದು. ಅಮೆರಿಕದಲ್ಲಿ 11ರಿಂದ 16 ವಯಸ್ಸಿನ 40 ಹುಡುಗರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೇರಿಸಿದ ಸಕ್ಕರೆಯನ್ನು ಬಹುತೇಕ ನಿಲ್ಲಿಸಿದ ಎಂಟೇ ವಾರದಲ್ಲಿ ಲಿವರಿನ ಕೊಬ್ಬು ಸರಾಸರಿ 25 ಶೇಕಡಾದಿಂದ 17ಕ್ಕೆ ಇಳಿಯಿತು. ಅಲ್ಲಿ ಒಂದು ಸೂಕ್ಷ್ಮವಿತ್ತು: ಹುಡುಗನೊಬ್ಬನಿಗೇ ಅಲ್ಲ, ಇಡೀ ಮನೆಗೇ ಅದೇ ಊಟ. ಅಣ್ಣನಿಗೆ ಬೇಕರಿಯ ಕ್ರೀಮ್ ಬನ್ನು ತಂದುಕೊಟ್ಟು ತಮ್ಮನಿಗೆ ಮಾತ್ರ ಬೇಡ ಎಂದರೆ ಯಾವ ಮಗುವೂ ಒಪ್ಪುವುದಿಲ್ಲ. ತಂಪು ಪಾನೀಯ, ಪೊಟ್ಟಣದ ಜ್ಯೂಸು, ಹಾಲಿಗೆ ಬೆರೆಸುವ ಸಿಹಿ ಪುಡಿಗಳು ಮನೆಯೊಳಗೇ ಬಾರದಿರಲಿ. ಮುದ್ದೆ, ಸೊಪ್ಪಿನ ಸಾರು, ಹುರುಳಿ, ಹೆಸರುಕಾಳಿನ ಉಸಲಿ, ಮಜ್ಜಿಗೆ, ಇಡೀ ಹಣ್ಣು ಇರಲಿ. ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟವಿರಲಿ.

ಬೆಳೆಯುವ ಮಗುವಿನ ತೂಕ ಸರ್ರನೆ ಇಳಿಯಬೇಕಿಲ್ಲ. ಎತ್ತರ ಏರುತ್ತಾ ತೂಕ ಅಲ್ಲೇ ನಿಂತರೂ ಅನೇಕರಿಗೆ ಲಾಭವೇ. ನೆಂಟರ ಮುಂದೆ "ಡುಮ್ಮ" ಎಂದು ಕರೆಯಬೇಡಿ. ಆ ಮಾತು ಮಗುವನ್ನು ಕದ್ದು ತಿನ್ನಲು ಕಲಿಸುತ್ತದೆ.

ಫ್ಯಾಟಿ ಲಿವರಿನ ಫೈಬ್ರೋಸಿಸ್‌ಗೆ ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರೋಮ್, 2025ರಲ್ಲಿ ಸೆಮಾಗ್ಲುಟೈಡ್ ಒಪ್ಪಿಗೆ ಪಡೆದಿವೆ. ಎರಡೂ ದೊಡ್ಡವರಿಗೆ. ಮಗುವಿಗೆ ಅವನ್ನು ನೀವಾಗಿ ಕೊಡಿಸಲು ಹೋಗಬೇಡಿ.

ಮಾಡಬಾರದ್ದು

ನಕ್ಷತ್ರ ಕೋಶ ವಿಟಮಿನ್ ಎ ಕಳೆದುಕೊಳ್ಳುತ್ತದೆ ಎಂದು ಓದಿ, ಅದನ್ನೇ ಕೊಟ್ಟರೆ ಸರಿಯಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ತರ್ಕ ಸರಿಯೆನಿಸುತ್ತದೆ, ಫಲ ತದ್ವಿರುದ್ಧ. ವಿಟಮಿನ್ ಎ ವಿಪರೀತವಾದರೆ ಇದೇ ಕೋಶಗಳು ಊದಿಕೊಂಡು ಲಿವರಿನಲ್ಲಿ ನಾರು ಕಟ್ಟುತ್ತವೆ. ಪಿತ್ತ ಹರಿಯದ ಮಕ್ಕಳಿಗೆ ಮಾತ್ರ ರಕ್ತಪರೀಕ್ಷೆ ನೋಡಿ ಅಳೆದು ಕೊಡುತ್ತೇವೆ. ಕೊಲಾಜೆನ್ ತಯಾರಿಗೆ ವಿಟಮಿನ್ ಸಿ ಬೇಕೆಂದು ನೆಲ್ಲಿಕಾಯಿ, ನಿಂಬೆ ನಿಲ್ಲಿಸುವುದೂ ತಪ್ಪು. ಮಗುವಿನ ಮೂಳೆಗೂ ಒಸಡಿಗೂ ಅದು ಬೇಕೇ ಬೇಕು. ಅಂಗಡಿಯ ಕೊಲಾಜೆನ್ ಪುಡಿ ಹೊಟ್ಟೆಯಲ್ಲಿ ಜೀರ್ಣವಾಗಿ ಅಮೈನೋ ಆಮ್ಲವಾಗುತ್ತದೆ. ಅದು ನೇರವಾಗಿ ಹೋಗಿ ಲಿವರಿನ ನಾರಾಗುವುದೂ ಇಲ್ಲ, ಲಿವರಿಗೆ ಅದರಿಂದ ಉಪಕಾರವೂ ಇಲ್ಲ.

ಲಿವರ್ ಟಾನಿಕ್ಕು, ನಾಟಿ ಔಷಧಿ, ಕಾಮಾಲೆಗೆ ಬರೆ ಹಾಕಿಸುವುದು, ಇವುಗಳಲ್ಲಿ ಹೋಗುವುದು ದುಡ್ಡಿಗಿಂತ ಹೆಚ್ಚಾಗಿ ಸಮಯ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರಿಗೆ ಪೆಟ್ಟಾದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ಲಿವರಿಗೆ ಅದು ಹಗುರವಲ್ಲ. ಏನೇ ಕೊಡುತ್ತಿದ್ದರೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ಬೈದಾರು ಎಂಬ ಸಂಕೋಚ ಬೇಡ.

ತಡಮಾಡದೆ ಬನ್ನಿ

ಹುಟ್ಟಿ ಎರಡು ವಾರ ದಾಟಿದರೂ ಕೂಸಿನ ಕಣ್ಣು ಹಳದಿಯಾಗಿದ್ದರೆ, ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ, ಮೂತ್ರ ಬಟ್ಟೆಗೆ ಹಳದಿ ಕಲೆ ಮಾಡುತ್ತಿದ್ದರೆ ಬಿಸಿಲಿಗೆ ಹಿಡಿಯುತ್ತಾ ಕಾಯಬೇಡಿ. ದೊಡ್ಡ ಮಗುವಿನಲ್ಲಿ ರಕ್ತವಾಂತಿ, ಟಾರಿನಂಥ ಕಪ್ಪು ಮಲ, ಹೊಟ್ಟೆ ಉಬ್ಬರ, ಹಗಲು ವಿಪರೀತ ನಿದ್ದೆ, ತೊದಲು ಮಾತು, ಅಕ್ಷರ ಇದ್ದಕ್ಕಿದ್ದಂತೆ ಕೆಡುವುದು ಕಂಡರೆ ಅಂದೇ ಆಸ್ಪತ್ರೆಗೆ ಬನ್ನಿ.

ಈಗ ಆ ತಂದೆಯ ಪ್ರಶ್ನೆಗೆ ಬರುತ್ತೇನೆ. ಲಿವರ್ ಮೆತ್ತಗಾಗುತ್ತದೆಯೇ? ಕಾರಣ ಸಿಕ್ಕಿ ಅದನ್ನು ತೆಗೆದರೆ, ಬೇಗ ತೆಗೆದರೆ, ತೆಗೆದದ್ದನ್ನು ಮತ್ತೆ ಬರಗೊಡದಿದ್ದರೆ, ಹೆಚ್ಚಿನ ಮಕ್ಕಳಲ್ಲಿ ಆಗುತ್ತದೆ. ಪೂರ್ತಿ ಆಗದಿದ್ದರೂ ಮುಂದೆ ಗಟ್ಟಿಯಾಗುವುದು ನಿಲ್ಲುತ್ತದೆ. ಸಿರೋಸಿಸ್ ದಾಟಿ ಹೋಗಿದ್ದರೆ ದಾರಿ ಕಷ್ಟದ್ದು. ಆಗ ಕಸಿ ಎಂಬ ಇನ್ನೊಂದು ಬಾಗಿಲಿದೆ, ಅದರ ಬಗ್ಗೆ ಕೂತು ಮಾತಾಡೋಣ. ಒಮ್ಮೆ ಶಾಂತವಾದ ನಕ್ಷತ್ರ ಕೋಶ ಹಳೆಯದನ್ನು ನೆನಪಿಟ್ಟಿರುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ಸ್ಕ್ಯಾನ್ ಚೆನ್ನಾಗಿ ಬಂದ ದಿನ ಮಗುವನ್ನು ಮೆಚ್ಚಿಕೊಳ್ಳಿ, ಆದರೆ ಆ ಸಂತೋಷಕ್ಕೆ ಬೇಕರಿಗೆ ಕರೆದೊಯ್ಯಬೇಡಿ, ಮಾತ್ರೆಯನ್ನೂ ನಿಲ್ಲಿಸಬೇಡಿ. ಆಟದ ಬಯಲಿಗೆ ಕರೆದೊಯ್ಯಿರಿ. ಮುಂದಿನ ತಪಾಸಣೆಯ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಅಂದೇ ಗುರುತು ಹಾಕಿಡಿ.